ಬೀಸಿ ಜಗ್ಗುವ ಕೈ: ‘ಮೆಟ್ರಾಯ್ಡ್ ಪ್ರೈಮ್ 3’ ಜೊತೆ ಆರು ವರ್ಷ

ಗುರಾಣಿ ಹಿಡಿದು ಎದುರಿಗೆ ಬರುವ ಸ್ಪೇಸ್ ಪೈರೇಟ್ ಸೈನಿಕನ ಮೇಲೆ ಗುರಿ ಕಟ್ಟಿ, ಎಡಗೈಯನ್ನು ಮುಂದಕ್ಕೆ ಬೀಸಬೇಕು. ಬೆಳಕಿನ ಹಗ್ಗವೊಂದು ಹಾರಿ ಹೋಗಿ ಗುರಾಣಿಯನ್ನು ಕಚ್ಚುತ್ತದೆ. ಕಚ್ಚಿತೆಂದು ಕಂಡ ಕೂಡಲೇ ಅದೇ ಕೈಯನ್ನು ರಪ್ಪನೆ ಹಿಂದಕ್ಕೆ ಜಗ್ಗಿದರೆ ಗುರಾಣಿ ಕಿತ್ತು ಬರುತ್ತದೆ, ಅವನ ಎದೆ ಬಯಲಾಗುತ್ತದೆ. ‘ಮೆಟ್ರಾಯ್ಡ್ ಪ್ರೈಮ್ 3: ಕರಪ್ಷನ್’ ಎಂಬ ವಿಡಿಯೊ ಆಟವನ್ನು 2019ರ ದೀಪಾವಳಿಯಿಂದ ಆಡುತ್ತಿದ್ದೇನೆ, ಮೂರು ಸಲ ಕೊನೆ ಮುಟ್ಟಿಸಿದ್ದೇನೆ. ಈ ಒಂದು ಜಗ್ಗು ನನಗೆ ಇಂದಿಗೂ ಹಳತಾಗಿಲ್ಲ.

ನಮ್ಮದು ಗುಳೇದಗುಡ್ಡ, ಖಣ ನೇಯುವ ಮನೆ. ಪಡಸಾಲೆಯ ಒಂದು ಬದಿಗೆ ಅಪ್ಪನ ಗುಂಡಿ ಮಗ್ಗವಿದೆ, ಇನ್ನೊಂದು ಬದಿಗೆ ಟಿವಿ. ನಾನು ನೇಕಾರಿಕೆಯನ್ನು ಪೂರ್ತಿ ಕಲಿಯದೆ ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡವನಾದರೂ, ಹಗ್ಗದ ಹಿಡಿಕೆಯನ್ನು ಒಂದೇ ಹದದಲ್ಲಿ ಜಗ್ಗಿದಾಗ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುವ ಸುಖ ನನ್ನ ಕೈಗೆ ಗೊತ್ತಿದೆ. ತುಸು ಮೆಲ್ಲಗೆ ಜಗ್ಗಿದರೆ ಲಾಳಿ ನಡುವೆಯೇ ನಿಲ್ಲುತ್ತದೆ, ಜೋರಾಗಿ ಜಗ್ಗಿದರೆ ಆಚೆ ಬದಿಗೆ ಬಡಿದು ಮರಳುತ್ತದೆ. ಈ ಆಟದಲ್ಲಿ ಬಲಗೈಯ ರಿಮೋಟಿಗೆ ತಂತಿಯಿಂದ ಕೂಡಿಸಿದ ಎಡಗೈಯ ಹಿಡಿ, ಅಂದರೆ ನನ್‌ಚಕ್, ಕೇಳುವುದು ಹೆಚ್ಚುಕಡಿಮೆ ಅದೇ ಹದವನ್ನು. ಮೊದಲ ವಾರ ಅಪ್ಪ ಮಗ್ಗದಲ್ಲಿ ಕುಳಿತೇ ನನ್ನ ಆಟವನ್ನು ನೋಡುತ್ತಿದ್ದರು. ಒಂದು ಸಂಜೆ ಎದ್ದು ಬಂದು, ತಾವೇ ನನ್‌ಚಕ್ ಹಿಡಿದು ನಾಲ್ಕೈದು ಸಲ ಬೀಸಿ ನೋಡಿ, “ಜಗ್ಗೂ ಹೊತ್ತು ಸರಿ ಹಿಡದಾರ, ಆದ್ರ ಆ ಕಡಿಂದ ಭಾರ ಬರೂದಿಲ್ಲಲ್ಲೋ ತಮ್ಮಾ” ಎಂದರು. ಚಲನೆಯಿಂದ ಆಡುವ ಆಟಗಳ ಕುರಿತು ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾದ ಮಾತನ್ನು ಹೇಳಿಲ್ಲ. ಗುರಾಣಿ ಕಿತ್ತು ಬಂದಾಗ ಕೈಗೆ ಭಾರ ತಾಗುವುದಿಲ್ಲ, ರಿಮೋಟ್ ನಡುಗುತ್ತದೆ ಅಷ್ಟೆ. ಆ ಕೊರತೆಯನ್ನು ಆಟ ತುಂಬಿಕೊಡುವುದು ಸಮಯದಿಂದ. ಹಗ್ಗ ಬಿಗಿಯಾಗುವುದಕ್ಕೂ ಗುರಾಣಿ ಕೀಳುವುದಕ್ಕೂ ನಡುವೆ ಒಂದು ಚಿಟಿಕೆಯಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ, ಆ ತಡೆಯಲ್ಲೇ ಕೈ ಭಾರವನ್ನು ಕಲ್ಪಿಸಿಕೊಳ್ಳುತ್ತದೆ.

ಅಮೆರಿಕದ ಆಸ್ಟಿನ್ ನಗರದ ರೆಟ್ರೊ ಸ್ಟುಡಿಯೋಸ್ ಮಾಡಿದ ಈ ಆಟ 2007ರ ಆಗಸ್ಟ್‌ನಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಯಂತ್ರಕ್ಕಾಗಿ ಬಂತು. ಕಥಾನಾಯಕಿ ಸೇಮಸ್ ಆರಾನ್ 1986ರಿಂದಲೂ ಇರುವ ಪಾತ್ರ. ಇದೇ ‘ಪ್ರೈಮ್’ ಸರಣಿಯ ಮೊದಲೆರಡು ಭಾಗಗಳು 2002 ಮತ್ತು 2004ರಲ್ಲಿ ಅದೇ ಕಂಪನಿಯ ಹಿಂದಿನ ಯಂತ್ರವಾದ ಗೇಮ್‌ಕ್ಯೂಬ್‌ಗೆ ಬಂದಿದ್ದವು. ಅವುಗಳಲ್ಲಿ ಗುರಿಯನ್ನು ಹೆಬ್ಬೆರಳಿನ ಕಡ್ಡಿಯಿಂದ ತಿರುಗಿಸಬೇಕಿತ್ತು. ಇಲ್ಲಿ ಬಲಗೈಯ ರಿಮೋಟ್ ಎತ್ತ ನೋಡುತ್ತದೋ ಅತ್ತ ಬಂದೂಕು ನೋಡುತ್ತದೆ. ಸೇಮಸ್‌ಳ ತೋಪು ಇರುವುದು ಅವಳ ಬಲಗೈಯಲ್ಲಿ, ಹಗ್ಗ ಹೊರಡುವುದು ಎಡಗೈಯಿಂದ. ನಮ್ಮ ಎರಡು ಕೈಗಳು ಅವಳ ಎರಡು ಕೈಗಳಿಗೆ ಸರಿಯಾಗಿ ಕೂಡುತ್ತವೆ. ಈ ಹೊಂದಿಕೆಯನ್ನು ಯಾರು ಮೊದಲು ಕಂಡರೋ, ಅವರಿಗೆ ನಾನು ಮನಸಾರೆ ಋಣಿ.

ಬೀಗಗಳದ್ದು ಇನ್ನೊಂದು ಸೊಗಸು. ಬಾಗಿಲಿನ ಹಿಡಿಯ ಮುಂದೆ ನಿಂತು ರಿಮೋಟನ್ನು ಮುಂದಕ್ಕೆ ನೂಕಿ, ಮಣಿಕಟ್ಟನ್ನು ತಿರುಚಿ, ಹಿಂದಕ್ಕೆ ಎಳೆಯಬೇಕು. ಪರದೆಯಲ್ಲಿ ಲೋಹದ ಕೈ ಹಾಗೆಯೇ ಮಾಡುತ್ತದೆ. ಸೇಮಸ್‌ಳ ಬಾಹ್ಯಾಕಾಶ ಹಡಗಿನೊಳಗೆ ಕುಳಿತಾಗ ಎದುರಿನ ಗುಂಡಿಗಳನ್ನು ರಿಮೋಟ್ ತೋರಿಸಿ ಒಂದೊಂದಾಗಿ ಒತ್ತಬಹುದು. ಕಡಿದುಹೋದ ವಿದ್ಯುತ್ ಸಂಪರ್ಕಗಳನ್ನು ಪ್ಲಾಸ್ಮಾ ಬೀಮ್‌ನಿಂದ ಬೆಸುಗೆ ಹಾಕುವ ಕೆಲಸವೂ ಇದೆ. ಕೈಯನ್ನು ಅಲುಗಿಸದೆ ಗೆರೆಯ ಮೇಲೆ ಹಿಡಿದು ನಿಲ್ಲುವಾಗ ನಾನು ಉಸಿರು ಬಿಗಿಹಿಡಿದಿರುತ್ತೇನೆ. ಪಕ್ಕದಲ್ಲೇ ಏನಾದರೂ ಸಿಡಿದರೆ ಹೆಲ್ಮೆಟ್ಟಿನ ಗಾಜಿನಲ್ಲಿ ಸೇಮಸ್‌ಳ ಮುಖದ ನೆರಳು ಮೂಡಿ ಮಾಯವಾಗುತ್ತದೆ.

ಇನ್ನು ಕೊಂಡ ಕಥೆ. ನನ್ನ ಕೈಗೆ ಎಟುಕುವುದು ಹಳೆಯ ಯಂತ್ರ ಮಾತ್ರವಾಗಿತ್ತು. ಬೆಳಗಾವಿಯ ಒಂದು ಅಂಗಡಿಯಲ್ಲಿ ರೂ. 6,500ಕ್ಕೆ ವೀ ಸಿಕ್ಕಿತು. ಅದು ಅಮೆರಿಕದ ಯಂತ್ರ, ಅದರ ಅಡಾಪ್ಟರ್ 120 ವೋಲ್ಟಿನದು ಎಂಬ ಮಾತನ್ನು ಅಂಗಡಿಯವರು ಹೇಳಲಿಲ್ಲ. ಮನೆಯ 230 ವೋಲ್ಟಿಗೆ ಚುಚ್ಚಿದ ಕೂಡಲೇ ಸುಟ್ಟ ವಾಸನೆ ಬಂತು. ಯಂತ್ರ ಉಳಿಯಿತು, ಅಡಾಪ್ಟರ್ ಹೋಯಿತು, ಹೊಸದಕ್ಕೆ ಮತ್ತೆ ರೂ. 900 ಬಿತ್ತು. ಡಿಸ್ಕ್ ಕೊಳ್ಳುವವರೂ ಎಚ್ಚರಿಕೆ ವಹಿಸಬೇಕು. ಅಮೆರಿಕದ ವೀಯಲ್ಲಿ ಯುರೋಪಿನ ಡಿಸ್ಕ್ ಓಡುವುದಿಲ್ಲ. ನಾನು ಮೊದಲು ತರಿಸಿದ್ದು ಯುರೋಪಿನದೇ ಆಗಿತ್ತು, ಅದು ಇಂದಿಗೂ ಕಪಾಟಿನಲ್ಲಿ ಕುಳಿತಿದೆ.

ಆದರೂ ಇದೆಲ್ಲ ಒಮ್ಮೆ ಹೋದ ದುಡ್ಡು. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಪರದೆಯ ಮೇಲಿನ ಗುರಿಯ ಚುಕ್ಕಿ.

ನೋರಿಯನ್ ಎಂಬ ಗ್ರಹದಲ್ಲಿ, ಆಟದ ಮೊದಲ ಭಾಗದಲ್ಲೇ, ಮೆಟಾ ರಿಡ್ಲಿ ಎಂಬ ರೆಕ್ಕೆಯ ದೈತ್ಯನೊಡನೆ ಸೇಮಸ್ ಆಳವಾದ ಸುರಂಗದಲ್ಲಿ ಕೆಳಕ್ಕೆ ಬೀಳುತ್ತಾ ಕಾದಾಡುತ್ತಾಳೆ. ತಳ ಮುಟ್ಟುವುದರೊಳಗೆ ಅವನನ್ನು ಸೋಲಿಸಬೇಕು. ಅವನು ಬಾಯಿ ತೆರೆದಾಗ ಅಲ್ಲಿಗೇ ಗುರಿ ಇಟ್ಟು ಹೊಡೆಯಬೇಕು. ನಾನು ಗುರಿ ಇಟ್ಟರೆ ಚುಕ್ಕಿ ಬಾಯಿಯಿಂದ ಹಾರಿ ಪರದೆಯ ಮೂಲೆಗೆ ಹೋಗಿ ನಡುಗುತ್ತಿತ್ತು. ಈ ಆಟದಲ್ಲಿ ಚುಕ್ಕಿಯನ್ನು ಅಂಚಿಗೆ ಒಯ್ದರೆ ಸೇಮಸ್ ಅತ್ತ ತಿರುಗುವುದರಿಂದ, ಚುಕ್ಕಿ ಹಾರಿದಾಗಲೆಲ್ಲ ಇಡೀ ನೋಟವೇ ಗರಗರ ತಿರುಗುತ್ತಿತ್ತು. ಕೆಲವು ದಿನ ಬೆಣ್ಣೆಯಂತೆ ನಡೆಯುವುದು, ಕೆಲವು ದಿನ ಹೀಗೆ. ರಿಮೋಟ್ ಕೆಟ್ಟಿದೆಯೆಂದು ಇನ್ನೊಂದು ಕೊಂಡೆ, ಅದರಲ್ಲೂ ಅದೇ ಗೋಳು. ಆ ಎರಡು ತಿಂಗಳು ಆಟದ ಮೇಲಿನ ನನ್ನ ಮನಸ್ಸೇ ಮುರಿದಿತ್ತು. ಯಂತ್ರವನ್ನು ಮಾರಿಬಿಡೋಣ ಎಂದು ಇಬ್ಬರಿಗೆ ಫೋನ್ ಸಹ ಮಾಡಿದ್ದೆ.

ಕಾರಣ ತಿಳಿಯಲು ಅದರ ಒಳಮರ್ಮ ತಿಳಿಯಬೇಕಾಯಿತು. ಟಿವಿಯ ಕೆಳಗೆ ಇಡುವ ಸೆನ್ಸರ್ ಬಾರ್ ಎಂಬ ಪಟ್ಟಿಗೆ ಹೆಸರು ಹಾಗಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ದೀಪಗಳಿವೆ, ಅಷ್ಟೆ. ನೋಡುವ ಕಣ್ಣು ಇರುವುದು ರಿಮೋಟಿನ ಮೂತಿಯಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ. ಆ ಪುಟ್ಟ ಕ್ಯಾಮೆರಾ ಒಮ್ಮೆಗೆ ನಾಲ್ಕು ಬೆಳಕಿನ ಬಿಂದುಗಳವರೆಗೆ ಗುರುತಿಸಬಲ್ಲದು. ಪಟ್ಟಿಯ ಎರಡು ಬಿಂದುಗಳು ತನಗೆ ಎಲ್ಲಿ ಕಾಣುತ್ತಿವೆ ಎಂಬುದರ ಮೇಲಿಂದ ತಾನು ಎತ್ತ ನೋಡುತ್ತಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಮೂರನೆಯ ಬೆಳಕೊಂದು ನಡುವೆ ಬಂದರೆ ಲೆಕ್ಕ ತಪ್ಪುತ್ತದೆ. ಬಿಸಿಲು, ಹಳೆಯ ತಂತಿ ಬಲ್ಬು, ಉರಿಯುವ ಬತ್ತಿ ಎಲ್ಲವೂ ಇನ್‌ಫ್ರಾರೆಡ್ ಸೂಸುತ್ತವೆ.

ನಮ್ಮ ಟಿವಿಯ ಬಲಕ್ಕೆ ಎರಡು ಮೊಳದ ದೂರದಲ್ಲಿ ದೇವರ ಜಗುಲಿಯಿದೆ. ಅವ್ವ ಸಂಜೆ ಅಲ್ಲಿ ಎಣ್ಣೆಯ ದೀಪ ಹಚ್ಚುತ್ತಾಳೆ. ಅವಳು ಊರಲ್ಲಿಲ್ಲದ ದಿನ, ನಾನು ದೀಪ ಹಚ್ಚಲು ಮರೆತ ದಿನ, ಆಟ ಬೆಣ್ಣೆಯಂತೆ ನಡೆಯುತ್ತಿತ್ತು! ಇದು ಹೊಳೆದ ಸಂಜೆ ಒಂದು ತಾಟನ್ನು ದೀಪಕ್ಕೂ ನನಗೂ ನಡುವೆ ಮರೆ ಹಿಡಿಯುವಂತೆ ಅವ್ವನನ್ನು ಕೇಳಿಕೊಂಡೆ. ತಾಟು ಅಡ್ಡ ಬಂದಾಗ ಚುಕ್ಕಿ ನೆಟ್ಟಗೆ ನಿಂತಿತು, ತೆಗೆದಾಗ ಮೂಲೆಗೆ ಹಾರಿತು. ಮೂರು ಸಲ ಹಾಗೆ ಮಾಡಿ ಖಚಿತಪಡಿಸಿಕೊಂಡೆವು. ದೇವರ ದೀಪ ಜಾಗ ಬದಲಿಸುವ ಮಾತೇ ಇರಲಿಲ್ಲ. ಟಿವಿಯನ್ನೇ ಎದುರು ಗೋಡೆಗೆ ಸರಿಸಿದೆ, ಅದೇ ದಿನ ರಿಡ್ಲಿ ಸೋತ. ಅವನು ಸೋತ ಮೇಲೂ ಬೀಳುತ್ತಲೇ ಇರುವ ಸೇಮಸ್‌ಳನ್ನು ರುಂಡಸ್ ಎಂಬ ಜೊತೆಗಾರ ಮಂಜುಗಡ್ಡೆಯ ಹಾದಿ ಹಾಸುತ್ತಾ ಬಂದು ಹಿಡಿದುಕೊಳ್ಳುವುದನ್ನು ನಾನು ಅಂದೇ ಮೊದಲು ನೋಡಿದ್ದು.

ಹೊಸ ಗೋಡೆಗೆ ಪಶ್ಚಿಮದ ಕಿಟಕಿಯ ಬಿಸಿಲು ಬೀಳುತ್ತದೆ. ಹಾಗಾಗಿ ನನ್ನ ಆಟ ಸಂಜೆ ಏಳರ ಮೇಲೆಯೇ. ಜಮಖಾನೆ ಹಾಸಿ, ಬಲ ಮೊಣಕೈಯ ಕೆಳಗೆ ಲೋಡು ಇಟ್ಟುಕೊಳ್ಳುತ್ತೇನೆ. ಕೈಯನ್ನು ಗಾಳಿಯಲ್ಲಿ ಹಿಡಿದು ಆಡಿದರೆ ಅರ್ಧ ಗಂಟೆಗೇ ಭುಜ ಸೋಲುತ್ತದೆ, ಲೋಡಿನ ಮೇಲಿದ್ದರೆ ಎರಡು ಗಂಟೆ ಆಡಿದರೂ ನೋವಿಲ್ಲ. ಎಡಗೈ ತೊಡೆಯ ಮೇಲೆ. ರಿಮೋಟಿನ ಮೂತಿಯನ್ನು ಒಂದು ಖಣದ ತುಂಡಿನಿಂದ ಒರೆಸುತ್ತೇನೆ, ಏಕೆಂದರೆ ಮಗ್ಗದ ಮನೆಯಲ್ಲಿ ನೂಲಿನ ಧೂಳು ಎಲ್ಲದರ ಮೇಲೂ ಕೂರುತ್ತದೆ. ಮಣಿಕಟ್ಟಿಗೆ ದಾರ ಸಿಕ್ಕಿಸಿಕೊಂಡು, ರೀಚಾರ್ಜ್ ಮಾಡುವ ಎರಡು ಸೆಲ್ ಹಾಕಿ, ಆಮೇಲೆ ಯಂತ್ರ ಹಚ್ಚುತ್ತೇನೆ. ಆಟದ ಸೆಟ್ಟಿಂಗ್‌ನಲ್ಲಿ ನೋಟ ತಿರುಗುವ ಚುರುಕಿಗೆ ಬೇಸಿಕ್, ಸ್ಟ್ಯಾಂಡರ್ಡ್, ಅಡ್ವಾನ್ಸ್ಡ್ ಎಂಬ ಮೂರು ಬಗೆಗಳಿವೆ. ಮೊದಲ ದಿನವೇ ಅಡ್ವಾನ್ಸ್ಡ್ ಆರಿಸಿ, ಎರಡು ದಿನ ತಲೆ ತಿರುಗಿದರೂ ಬಿಡಬೇಡಿ. ಮೂರನೆಯ ದಿನಕ್ಕೆ ಕೈ ಹೊಂದಿಕೊಳ್ಳುತ್ತದೆ, ಆಮೇಲೆ ಬೇರೆ ಎರಡೂ ಎತ್ತಿನ ಗಾಡಿಯಂತೆ ಕಾಣುತ್ತವೆ.

2021ರ ಮಳೆಗಾಲದಲ್ಲಿ ಇಲಿಯೊಂದು ಸೆನ್ಸರ್ ಬಾರಿನ ತಂತಿಯನ್ನು ಕಡಿದು ಹಾಕಿತು. ದೀಪವೇ ಚುಕ್ಕಿಯನ್ನು ಕೆಡಿಸಬಲ್ಲದಾದರೆ ದೀಪವೇ ಅದನ್ನು ನಡೆಸಲೂ ಬೇಕಲ್ಲ ಎನ್ನಿಸಿ, ಎರಡು ಹಣತೆಗಳನ್ನು ಒಂದು ಗೇಣು ಅಂತರದಲ್ಲಿ ಟಿವಿಯ ಮುಂದೆ ಇಟ್ಟು ಹಚ್ಚಿದೆ. ಚುಕ್ಕಿ ಪರದೆಯ ನಡುವೆ ಬಂದು ನಿಂತಿತು. ಗಾಳಿಗೆ ಬತ್ತಿ ಅಲುಗಿದಾಗ ಅದೂ ತುಸು ಅಲುಗುತ್ತಿತ್ತು. ಹೊಸ ಪಟ್ಟಿ ಬರುವವರೆಗೆ ಹನ್ನೊಂದು ದಿನ, ಬತ್ತಿಗಳ ಮೇಲೆ ಒಂದು ಕಣ್ಣಿಟ್ಟು, ಹಣತೆಯ ಬೆಳಕಿನಲ್ಲೇ ಸ್ಕೈಟೌನ್ ಸುತ್ತಿದೆ. ಎಲಿಸಿಯಾ ಎಂಬ ಅನಿಲ ಗ್ರಹದ ಮೋಡಗಳ ಮೇಲೆ ತೇಲುವ ಊರು ಅದು. ಚೋಜೊ ಎಂಬ ಜನಾಂಗ ಕಟ್ಟಿ ಬಿಟ್ಟುಹೋದದ್ದು, ಈಗ ಅಲ್ಲಿರುವುದು ಅವರ ಯಂತ್ರಮಾನವರು ಮಾತ್ರ. ಕತ್ತಲ ಪಡಸಾಲೆಯಲ್ಲಿ ಎರಡು ಹಣತೆ, ಪರದೆಯಲ್ಲಿ ಹೊಂಬಣ್ಣದ ಮೋಡ. ಈ ಆಟದೊಡನೆ ಕಳೆದ ಆರು ವರ್ಷಗಳಲ್ಲಿ ನನಗೆ ಬಲು ಇಷ್ಟವಾದ ದಿನಗಳು ಅವೇ.

ಆಟದ ತಪ್ಪುಗಳೂ ಇವೆ. ಬಾಗಿಲಿಗೆ ಗುಂಡು ಹೊಡೆದ ಮೇಲೆ ಅದು ತೆರೆಯಲು ಕೆಲವೊಮ್ಮೆ ಹಲವು ಸೆಕೆಂಡು ಕಾಯಿಸುತ್ತದೆ, ಒಳಗೆ ಡಿಸ್ಕ್ ಗುರುಗುಟ್ಟುವುದು ಕೇಳುತ್ತದೆ. ಆಟವನ್ನು ಉಳಿಸಿಕೊಳ್ಳಲು ಸೇವ್ ಸ್ಟೇಷನ್‌ಗೋ ಹಡಗಿಗೋ ಮರಳಬೇಕು. ಕರೆಂಟ್ ಹೇಳಿ ಕೇಳಿ ಹೋಗದ ನಮ್ಮಂಥ ಊರಲ್ಲಿ ಇದು ದೊಡ್ಡ ಕಷ್ಟ. ಮುಕ್ಕಾಲು ಗಂಟೆಯ ಆಟ ಮೂರು ಸಲ ನೀರುಪಾಲಾದ ಮೇಲೆ ಯುಪಿಎಸ್ ತಂದೆ. ಅದರ ಖರ್ಚನ್ನೂ ಈ ಆಟದ ಲೆಕ್ಕಕ್ಕೇ ಹಿಡಿಯುತ್ತೇನೆ.

ಹೈಪರ್‌ಮೋಡ್ ಎಂಬ ಏರ್ಪಾಟನ್ನು ಹೇಳದೆ ಮುಗಿಸಲಾರೆ. ಮೈಗೆ ಸೇರಿದ ಫೇಜಾನ್ ಎಂಬ ವಿಷದಿಂದಲೇ ಸೇಮಸ್ ಬಲ ಪಡೆಯುತ್ತಾಳೆ. ಗುಂಡಿಯೊಂದನ್ನು ಅದುಮಿ ಹಿಡಿದರೆ ಅವಳ ಪ್ರಾಣಶಕ್ತಿಯಿಂದ 100 ಅಂಶದ ಒಂದು ಎನರ್ಜಿ ಟ್ಯಾಂಕ್ ಕಳೆದುಹೋಗುತ್ತದೆ, ಬದಲಿಗೆ ಅವಳ ಗುಂಡುಗಳು ಎದುರಿದ್ದುದನ್ನೆಲ್ಲ ಸೀಳುತ್ತವೆ. ಆದರೆ ವಿಷ ಏರತೊಡಗಿದಾಗ ಗುಂಡು ಹಾರಿಸುತ್ತಲೇ ಅದನ್ನು ಹೊರಹಾಕಬೇಕು, ಇಲ್ಲದಿದ್ದರೆ ಅದು ಅವಳನ್ನೇ ನುಂಗುತ್ತದೆ. ಪ್ರಾಣವನ್ನೇ ಒತ್ತೆಯಿಟ್ಟು ಸಾಲ ಎತ್ತಿದ ಹಾಗೆ. ನೋರಿಯನ್‌ನಲ್ಲಿ ಅವಳನ್ನು ಹಿಡಿದುಳಿಸಿದ ರುಂಡಸ್ ಇದೇ ವಿಷಕ್ಕೆ ವಶವಾಗಿ ಬ್ರಯೋ ಗ್ರಹದಲ್ಲಿ ಎದುರಾಳಿಯಾಗಿ ನಿಂತಾಗ, ಅವನ ಮಂಜುಗಡ್ಡೆಯ ಕವಚವನ್ನು ಅದೇ ಹಗ್ಗ ಬೀಸಿ ಕೀಳಬೇಕಾಗುತ್ತದೆ. ಅಲ್ಲಿಯವರೆಗೆ ಸುಖ ಕೊಟ್ಟ ಜಗ್ಗು ಅಲ್ಲಿ ಸಂಕಟ ಕೊಡುತ್ತದೆ. ಮೂರನೆಯ ಸಲ ಆಡಿದಾಗಲೂ ನನ್ನ ಕೈ ಒಂದು ಕ್ಷಣ ತಡೆಯಿತು.

ಚಿಕ್ಕಪ್ಪನ ಮಗನ ಮನೆಯಲ್ಲಿ, 2023ರಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಬಂದ ಮೊದಲ ಭಾಗದ ಹೊಸ ರೂಪವನ್ನೂ ಒಂದು ವಾರ ಆಡಿದ್ದೇನೆ. ಅಲ್ಲಿ ಗುರಿ ಹಿಡಿಯಲು ಕೈಯ ತಿರುವನ್ನು ಅಳೆಯುವ ಗೈರೊಸ್ಕೋಪ್ ಇದೆ, ದೀಪ ಬಿಸಿಲುಗಳ ಹಂಗಿಲ್ಲ. ಆದರೆ ಆಡುತ್ತಾ ಆಡುತ್ತಾ ಚುಕ್ಕಿ ಮೆಲ್ಲಗೆ ಜರುಗಿ, ಅದನ್ನು ಮತ್ತೆ ನಡುವಿಗೆ ತಂದುಕೊಳ್ಳಬೇಕಾಗುತ್ತದೆ. ನನ್ನ ರಿಮೋಟ್ ಎರಡು ಬೆಳಕು ಕಾಣುತ್ತಿರುವವರೆಗೆ ದಾರಿ ತಪ್ಪುವುದಿಲ್ಲ. ಸ್ವಿಚ್ ಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ ಎಂಬುದೂ ನಿಜ, ಇದ್ದರೂ ಈ ಯಂತ್ರವನ್ನು ಮಾರುತ್ತಿರಲಿಲ್ಲ ಎಂಬುದೂ ನಿಜ.

ಸದ್ಯ ನಾಲ್ಕನೆಯ ಸುತ್ತು, ಎಲ್ಲಕ್ಕಿಂತ ಕಠಿಣ ಮಟ್ಟದಲ್ಲಿ. ಎಲಿಸಿಯಾದಲ್ಲಿ, ರುಂಡಸ್‌ನಂತೆಯೇ ವಿಷಕ್ಕೆ ವಶವಾದ ಘೋರ್ ಎಂಬ ಜೊತೆಗಾರನ ಎದುರು ಐದು ಸಲ ಸೋತಿದ್ದೇನೆ. ಆರು ವರ್ಷ ಬೀಸಿ ಬೀಸಿ ನನ್‌ಚಕ್‌ನ ತಂತಿ ಬುಡದಲ್ಲಿ ಸಡಿಲಾಗಿದೆ, ಅಪ್ಪ ಅದಕ್ಕೆ ನೂಲು ಸುತ್ತಿ ಬಿಗಿದುಕೊಟ್ಟಿದ್ದಾರೆ. ಬಾಗಲಕೋಟೆಯ ಕಡೆ ಯಾರ ಬಳಿಯಾದರೂ ಸುಸ್ಥಿತಿಯ ನನ್‌ಚಕ್ ಇದ್ದರೆ ರೂ. 500ರವರೆಗೆ ಕೊಡಲು ಸಿದ್ಧನಿದ್ದೇನೆ.