ಕೊಳ್ಳುವವರಿಲ್ಲದ ಸಂತೆ: ಸಂಗೀತ ಸಮ್ಮೇಳನಕ್ಕೆ ಹಣ ಕಟ್ಟುವ ಮುನ್ನ

ಐದು ಜನರ ವಾದ್ಯವೃಂದವೊಂದಕ್ಕೆ ಕಾರ್ಯಕ್ರಮಗಳನ್ನು ಗೊತ್ತುಮಾಡುವುದು, ಸಂಭಾವನೆ ಮಾತನಾಡುವುದು, ಪ್ರಯಾಣದ ಏರ್ಪಾಡು ನೋಡಿಕೊಳ್ಳುವುದು ನನ್ನ ಕೆಲಸ. ನೇರ ಸಂಗೀತ, ಅಂದರೆ ವೇದಿಕೆಯ ಸಂಗೀತ ಕಾರ್ಯಕ್ರಮಗಳ ಉದ್ಯಮದವರಿಗಾಗಿ ಪ್ರತಿ ವರ್ಷ ನಡೆಯುವ ಸಮ್ಮೇಳನವೊಂದಕ್ಕೆ ಕಳೆದ ವರ್ಷ ನಾವು ತಂಡದ ಉಳಿತಾಯವನ್ನೆಲ್ಲ ಸುರಿದು ಹೋಗಿಬಂದೆವು. ಅದರಿಂದ ಒಂದೇ ಒಂದು ಕಾರ್ಯಕ್ರಮವೂ ದಕ್ಕಲಿಲ್ಲ. ಸಂಘಟಕರ ಜೊತೆ ಹಣ ವಾಪಸಾತಿಯ ವ್ಯವಹಾರ ಇನ್ನೂ ಮುಗಿಯದ ಕಾರಣ ಸಮ್ಮೇಳನದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಲ್ಲದೆ ಇದೇ ಮಾದರಿಯವು ಬೇರೆಯೂ ಇರುವುದರಿಂದ, ಹೆಸರಿಗಿಂತ ಲಕ್ಷಣಗಳನ್ನು ತಿಳಿದಿರುವುದೇ ಹೆಚ್ಚು ಉಪಯುಕ್ತ.

ಇಂತಹ ಸಮ್ಮೇಳನಗಳೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಲಂಡನ್ನಿನಲ್ಲಿ 1989ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ನೇರ ಸಂಗೀತ ಸಮ್ಮೇಳನ ಕಲಾವಿದರ ಪರವಾಗಿ ಕಾರ್ಯಕ್ರಮ ಗೊತ್ತುಮಾಡುವ ಬುಕಿಂಗ್ ಏಜೆಂಟರು, ಹಣ ಹೂಡಿ ಕಾರ್ಯಕ್ರಮ ಏರ್ಪಡಿಸುವ ಪ್ರಮೋಟರುಗಳು, ಉತ್ಸವ ಮತ್ತು ಸಭಾಂಗಣಗಳನ್ನು ನಡೆಸುವವರು ಎದುರುಬದುರು ಕುಳಿತು ವ್ಯವಹಾರ ಮಾತನಾಡುವ ಸ್ಥಳವೆಂದು ಹೆಸರು ಪಡೆದಿದೆ. ವಿಶ್ವ ಸಂಗೀತದವರಿಗಾಗಿ 1994ರಿಂದ ನಡೆದುಬಂದಿರುವ ಸಮ್ಮೇಳನವಾದ ವೊಮೆಕ್ಸ್‌ನಲ್ಲಿ ವೇದಿಕೆ ಏರುವ ತಂಡಗಳನ್ನು ತೀರ್ಪುಗಾರರ ಮಂಡಳಿಯೊಂದು ಆರಿಸುತ್ತದೆ. ನಮಗೆ ಬಂದ ಆಹ್ವಾನ ಪತ್ರದಲ್ಲಿಯೂ ತೀರ್ಪುಗಾರರು, ಆಯ್ಕೆ, ಪ್ರತಿನಿಧಿಗಳು, ಖಚಿತ ಭೇಟಿಗಳು ಎಂಬ ಇವೇ ಪದಗಳಿದ್ದವು. ಪದಗಳು ಒಂದೇ ಆಗಿದ್ದುದರಿಂದ ವಸ್ತುವೂ ಒಂದೇ ಎಂದು ನಂಬಿದ್ದು ನನ್ನ ಮೊದಲ ತಪ್ಪು.

ಅರ್ಜಿ ಹಾಕಿದ ಐದನೆಯ ದಿನವೇ ನಮ್ಮ ತಂಡ ಕಾರ್ಯಕ್ರಮ ಕೊಡುವವರ ಮುಂದೆ ನುಡಿಸಿ ತೋರಿಸುವ ಕಿರು ಪ್ರದರ್ಶನಕ್ಕೆ, ಅಂದರೆ ಶೋಕೇಸ್‌ಗೆ ಆಯ್ಕೆಯಾಗಿದೆಯೆಂಬ ಪತ್ರ ಬಂತು. ಸಂತೋಷದಲ್ಲಿ ನಾವು ಯಾರೂ ಗಮನಿಸದೆ ಹೋದ ಸಂಗತಿಯೊಂದಿತ್ತು: ಅರ್ಜಿಯೊಂದಿಗೆ ನಾವು ಕಳುಹಿಸಿದ್ದ ಧ್ವನಿಮುದ್ರಣದ ಖಾಸಗಿ ಕೊಂಡಿಯನ್ನು ಅಂದಿನವರೆಗೆ ಒಬ್ಬರೂ ತೆರೆದಿರಲಿಲ್ಲ. ಎಷ್ಟು ಮಂದಿ ಕೇಳಿದ್ದಾರೆಂಬ ಎಣಿಕೆ ಸೊನ್ನೆಯಲ್ಲೇ ನಿಂತಿದ್ದುದನ್ನು ನಾನು ನೋಡಿದ್ದು ಎಲ್ಲ ಮುಗಿದು ಮನೆಗೆ ಮರಳಿದ ಮೇಲೆ. ಆಯ್ಕೆಯ ಪತ್ರದ ಬೆನ್ನಿಗೇ ಭಾಗವಹಿಸುವಿಕೆಯ ಶುಲ್ಕದ ಬಿಲ್ ಬಂತು. ಅದನ್ನು ಕಟ್ಟಿದ ಬಳಿಕ ಬ್ಯಾಕ್‌ಲೈನ್ ವಾದ್ಯಗಳ (ವೇದಿಕೆಯಲ್ಲೇ ಒದಗಿಸುವ ಡ್ರಮ್, ಆಂಪ್ಲಿಫೈಯರ್ ಮುಂತಾದವು) ಬಾಡಿಗೆಯೆಂದು ಇನ್ನೊಂದು. ಕೊನೆಗೆ, ಶುಲ್ಕದಲ್ಲಿ ಎರಡು ಪ್ರವೇಶ ಬ್ಯಾಡ್ಜ್‌ಗಳು ಮಾತ್ರ ಸೇರಿದ್ದು, ಉಳಿದವರಿಗೆ ಬೇರೆಯಾಗಿ ಕೊಳ್ಳಬೇಕೆಂದು ಮತ್ತೊಂದು. ಪ್ರತಿ ಸಲವೂ, ಇಷ್ಟು ಕಟ್ಟಿಯಾಗಿದೆ, ಇನ್ನಷ್ಟಕ್ಕೆ ಹಿಂಜರಿದರೆ ಕಟ್ಟಿದ್ದೂ ಹೋಗುತ್ತದೆ ಎಂಬ ಲೆಕ್ಕವೇ ನಮ್ಮನ್ನು ಮುಂದಕ್ಕೆ ತಳ್ಳಿತು.

ವಸತಿಯ ವಿಷಯದಲ್ಲಿ ಆದ ನಷ್ಟ ಇದಕ್ಕಿಂತ ಬೇರೆ ಬಗೆಯದು, ಮತ್ತು ಅದರಲ್ಲಿ ಸಂಘಟಕರ ಪಾತ್ರವಿತ್ತೆಂದು ನಾನು ಹೇಳಲಾರೆ. ಸಮ್ಮೇಳನದ ವಸತಿ ಪಾಲುದಾರರೆಂದು ಹೇಳಿಕೊಂಡ ಸಂಸ್ಥೆಯೊಂದು, ಕೊಠಡಿಗಳು ವೇಗವಾಗಿ ತುಂಬುತ್ತಿವೆ, ರಿಯಾಯಿತಿ ದರ ಎರಡೇ ದಿನ ಇರುತ್ತದೆ ಎಂದು ಮೇಲ್ ಕಳುಹಿಸಿತು. ನಾನು ಬ್ಯಾಂಕ್ ವರ್ಗಾವಣೆಯ ಮೂಲಕ ಮುಂಗಡ ಕಟ್ಟಿದೆ. ಹೋಟೆಲಿಗೆ ಹೋದಾಗ ನಮ್ಮ ಹೆಸರಿನಲ್ಲಿ ಒಂದು ಕೊಠಡಿಯೂ ಕಾದಿರಿಸಿರಲಿಲ್ಲ. ದೊಡ್ಡ ಸಮ್ಮೇಳನಗಳ ಸುತ್ತ ಇಂತಹ ನಕಲಿ ವಸತಿ ಸಂಸ್ಥೆಗಳೂ, ಪ್ರತಿನಿಧಿಗಳ ವಿಳಾಸಪಟ್ಟಿ ಮಾರುತ್ತೇವೆಂದು ಪತ್ರ ಬರೆಯುವವರೂ ಸದಾ ಸುಳಿದಾಡುತ್ತಿರುತ್ತಾರೆಂದು ಅನುಭವಸ್ಥರೊಬ್ಬರು ಆಮೇಲೆ ತಿಳಿಸಿದರು. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನ ಮುಂದೆ ತಕರಾರು ಹೂಡುವ ದಾರಿಯಾದರೂ ಇರುತ್ತಿತ್ತು. ನಾನೇ ವರ್ಗಾಯಿಸಿದ ಹಣಕ್ಕೆ ಆ ದಾರಿಯೂ ಇರಲಿಲ್ಲ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಸಮ್ಮೇಳನದ ಒಳಗೆ. ಮೊದಲ ದಿನ ಚಹಾ ವಿರಾಮದಲ್ಲಿ ಯಾರನ್ನು ಮಾತನಾಡಿಸಿದರೂ ಅವರು ನಮ್ಮಂತೆಯೇ ಕಾರ್ಯಕ್ರಮ ಹುಡುಕಿಕೊಂಡು ಬಂದವರಾಗಿದ್ದರು. ಅಂದು ರಾತ್ರಿ ಸಮ್ಮೇಳನದ ಆ್ಯಪ್ ತೆರೆದು ಪ್ರತಿನಿಧಿಗಳ ಪಟ್ಟಿಯನ್ನು ಒಬ್ಬೊಬ್ಬರಂತೆ ಎಣಿಸಿದೆ. ಸುಮಾರು ಮುನ್ನೂರು ಹೆಸರುಗಳಲ್ಲಿ ಕಾರ್ಯಕ್ರಮ ಕೊಡುವ ಅಧಿಕಾರವಿದ್ದವರು, ಅಂದರೆ ಉತ್ಸವ, ಸಭಾಂಗಣ ಅಥವಾ ಪ್ರಮೋಟರ್ ಸಂಸ್ಥೆಗಳ ಪರವಾಗಿ ಬಂದವರು, ಇಪ್ಪತ್ತೂ ಇರಲಿಲ್ಲ. ಉಳಿದವರು ಕಲಾವಿದರು, ನನ್ನಂತಹ ವ್ಯವಸ್ಥಾಪಕರು, ಮತ್ತು ನಮ್ಮಿಬ್ಬರಿಗೂ ಏನಾದರೊಂದನ್ನು ಮಾರಲು ಬಂದ ಪ್ರಚಾರ ಸಂಸ್ಥೆಗಳವರು. ಸಂತೆಗೆ ಎಲ್ಲರೂ ಮೂಟೆ ಹೊತ್ತು ಬಂದಿದ್ದರು, ಚೀಲ ಹಿಡಿದು ಬಂದವರೇ ಇರಲಿಲ್ಲ. ಈ ಎಣಿಕೆಯನ್ನು ಹಣ ಕಟ್ಟುವ ಮೊದಲು ಮಾಡಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ.

ತಲಾ ಹತ್ತು ನಿಮಿಷದ ಎಂಟು ಖಚಿತ ಭೇಟಿಗಳ ಭರವಸೆ ನಮಗೆ ಸಿಕ್ಕಿತ್ತು. ಅವುಗಳಲ್ಲಿ ಮೂರು ಪ್ರಚಾರ ಸಂಸ್ಥೆಗಳೊಂದಿಗೆ ನಡೆದವು. ಒಂದು ಟಿಕೆಟ್ ಮಾರುವ ತಂತ್ರಾಂಶದವರೊಂದಿಗೆ. ಇಬ್ಬರು ಬರಲೇ ಇಲ್ಲ. ಏಳನೆಯವರು ಕುಳಿತ ಕೂಡಲೇ ತಮ್ಮ ಗಾಯಕಿಯ ಪರಿಚಯ ಆರಂಭಿಸಿದರು, ಏಕೆಂದರೆ ಅವರಿಗೆ ಸಂಘಟಕರು ನನ್ನನ್ನು ಉತ್ಸವದ ನಿರ್ದೇಶಕನೆಂದು ತಿಳಿಸಿದ್ದರು. ನನಗೂ ಅವರನ್ನು ಹಾಗೆಯೇ ಪರಿಚಯಿಸಿದ್ದರೆಂದು ಗೊತ್ತಾದಾಗ ಇಬ್ಬರೂ ನಕ್ಕೆವು. ಇಡೀ ಮೂರು ದಿನಗಳಲ್ಲಿ ಮನಸಾರೆ ನಕ್ಕದ್ದು ಅದೊಂದೇ ಸಲ. ಎಂಟನೆಯವರು ಮಾತ್ರ ನಿಜವಾಗಿ ಸಭಾಂಗಣ ನಡೆಸುವವರು. ನಮ್ಮ ಧ್ವನಿಮುದ್ರಣವನ್ನು ತಾಳ್ಮೆಯಿಂದ ಕೇಳಿ, ಮುಂದಿನ ಋತುವಿನ ದಿನಾಂಕಗಳೆಲ್ಲ ಭರ್ತಿಯಾಗಿವೆ, ನೀವು ಎಂಟು ತಿಂಗಳು ತಡವಾಗಿ ಬಂದಿದ್ದೀರಿ ಎಂದರು.

ಕಾಲದ ಈ ಲೆಕ್ಕವನ್ನು ನಮ್ಮಲ್ಲಿ ಹಲವರು ಹಾಕುವುದಿಲ್ಲ. ನೆದರ್‌ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಯೂರೋಸಾನಿಕ್ ಸಮಾವೇಶ ಜನವರಿಯಲ್ಲಿ ನಡೆಯುವುದರಿಂದ, ಯೂರೋಪಿನ ಬೇಸಿಗೆ ಉತ್ಸವಗಳವರು ಅಲ್ಲಿ ಕೇಳಿದ ತಂಡವನ್ನು ಅದೇ ವರ್ಷಕ್ಕೆ ಗೊತ್ತುಮಾಡಿಕೊಳ್ಳಲು ಇನ್ನೂ ಅವಕಾಶವಿರುತ್ತದೆ. ನಾವು ಹೋದ ಸಮ್ಮೇಳನ ನಡೆದದ್ದು ಉತ್ಸವಗಳ ಪಟ್ಟಿ ಮುದ್ರಣವಾಗಿ ಟಿಕೆಟ್ ಮಾರಾಟ ನಡೆಯುತ್ತಿದ್ದ ಹೊತ್ತಿನಲ್ಲಿ. ಕಾರ್ಯಕ್ರಮ ಕೊಡುವವರು ಅಲ್ಲಿಗೆ ಬರದಿದ್ದುದಕ್ಕೆ ಅದೇ ಸಾಕಷ್ಟು ಕಾರಣ.

ಶೋಕೇಸ್‌ನ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ನಮ್ಮ ಸಮಯವನ್ನು ಇನ್ನೊಂದು ಕಟ್ಟಡದಲ್ಲಿ ಸ್ವಾಗತ ಕೂಟ ನಡೆಯುವ ಹೊತ್ತಿಗೇ ಇಟ್ಟಿದ್ದರು. ಎರಡು ತಿಂಗಳ ಹಿಂದೆಯೇ ಕಳುಹಿಸಿದ್ದ ತಾಂತ್ರಿಕ ರೈಡರ್ ಅನ್ನು, ಅಂದರೆ ನಮಗೆ ಬೇಕಾದ ಮೈಕ್ ಮುಂತಾದವುಗಳ ಪಟ್ಟಿಯನ್ನು, ಧ್ವನಿ ವ್ಯವಸ್ಥೆಯವರು ನೋಡಿಯೇ ಇರಲಿಲ್ಲ. ಪಾಪ, ಅವರ ಕೈಗೆ ಅದನ್ನು ಯಾರೂ ಕೊಟ್ಟಿರಲಿಲ್ಲ. ಸೌಂಡ್ ಚೆಕ್ ಇಲ್ಲದೆ, ಐದು ಮೈಕ್ ಬೇಕಾದಲ್ಲಿ ಮೂರರಲ್ಲಿ, ಹನ್ನೊಂದು ಜನರ ಮುಂದೆ ನುಡಿಸಿದೆವು. ಆ ಹನ್ನೊಂದರಲ್ಲಿ ಆರು ಮಂದಿ ನಮ್ಮ ನಂತರ ವೇದಿಕೆ ಏರಬೇಕಾಗಿದ್ದ ತಂಡದವರು.

ಹಣ ಹಿಂದಿರುಗಿಸಿ ಎಂದು ಕೇಳಿದಾಗ, ಯಾವ ಕಾರಣಕ್ಕೂ ಶುಲ್ಕ ಮರಳಿಸುವುದಿಲ್ಲವೆಂಬ ನಿಯಮವನ್ನು ತೋರಿಸಿದರು. ಅಂತಹ ನಿಯಮ ಈ ಉದ್ಯಮದಲ್ಲಿ ಅಪರೂಪವಲ್ಲ. ಅಮೆರಿಕದ ಆಸ್ಟಿನ್ ನಗರಾಡಳಿತ 2020ರ ಮಾರ್ಚ್‌ನಲ್ಲಿ ಅಲ್ಲಿನ ಸಂಗೀತ-ಚಲನಚಿತ್ರ ಸಮ್ಮೇಳನ ಸೌತ್ ಬೈ ಸೌತ್‌ವೆಸ್ಟ್ ಅನ್ನು ರದ್ದುಪಡಿಸಿದಾಗ, ಅಷ್ಟು ದೊಡ್ಡ ಸಂಸ್ಥೆಯೂ ನೋಂದಣಿ ಹಣವನ್ನು ಮರಳಿಸದೆ ಮುಂದಿನ ವರ್ಷಗಳಿಗೆ ವರ್ಗಾಯಿಸಿಕೊಳ್ಳುವ ಆಯ್ಕೆಯನ್ನಷ್ಟೇ ನೀಡಿತ್ತು, ಅದು ನ್ಯಾಯಾಲಯದವರೆಗೂ ಹೋಯಿತು. ಖಚಿತ ಭೇಟಿಗಳ ಭರವಸೆ ಈಡೇರಲಿಲ್ಲವೆಂಬ ಒಂದು ಅಂಶದ ಮೇಲೆ ಮಾತ್ರ ನಾವೀಗ ವಾದಿಸುತ್ತಿದ್ದೇವೆ, ಏಕೆಂದರೆ ಲಿಖಿತವಾಗಿ ನಮ್ಮ ಬಳಿ ಇರುವುದು ಅದೊಂದೇ.

ಇನ್ನು ಮುಂದೆ ಆಹ್ವಾನ ಬಂದರೆ, ಹಿಂದಿನ ವರ್ಷ ಬಂದವರ ಪಟ್ಟಿಯನ್ನು ಸಂಸ್ಥೆ ಹಾಗೂ ಹುದ್ದೆಯ ಸಮೇತ ಕೇಳಿ ತರಿಸಿಕೊಂಡು ಎಣಿಸುತ್ತೇನೆ; ಲಾಂಛನಗಳ ಸಾಲನ್ನು ತೋರಿಸಿದರೆ ಅದನ್ನು ಪಟ್ಟಿಯೆಂದು ಒಪ್ಪುವುದಿಲ್ಲ. ಹಿಂದಿನ ವರ್ಷ ಶೋಕೇಸ್ ನೀಡಿದ ಮೂರು ತಂಡಗಳನ್ನಾದರೂ ನಾನೇ ಹುಡುಕಿ, ಅಲ್ಲಿಂದ ಎಷ್ಟು ಕಾರ್ಯಕ್ರಮ ಸಿಕ್ಕಿತೆಂದು ವಿಚಾರಿಸುತ್ತೇನೆ. ಮೊದಲ ವರ್ಷ ತಂಡವನ್ನು ಕರೆದೊಯ್ಯದೆ ಒಬ್ಬನೇ ಹೋಗಿಬರುತ್ತೇನೆ.

ಕಳೆದ ವಾರ ಈ ವರ್ಷದ ಸಮ್ಮೇಳನದ ಪ್ರಚಾರ ಚಿತ್ರ ಹೊರಬಂದಿದೆ. ಅದರಲ್ಲಿ ವಿಶ್ವ ವೇದಿಕೆಗೆ ಬಾಗಿಲು ತೆರೆದುಕೊಂಡವರು ಎಂಬ ಬರಹದ ಕೆಳಗೆ ನಮ್ಮ ತಂಡದ ಚಿತ್ರವಿದೆ, ಖಾಲಿ ಕುರ್ಚಿಗಳು ಕಾಣದಂತೆ ಕತ್ತರಿಸಿ ಹಾಕಿದ್ದಾರೆ. ತೆಗೆದುಹಾಕಿ ಎಂದು ಎರಡು ಬಾರಿ ಪತ್ರ ಬರೆದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.