ಆಟದ ಟೇಪಿಗೆ ಯಾವ ಡಿಸ್ಕು? ನಾಲ್ಕೂ ಹಾಕಿ ನೋಡಿದೆ

ಶಿರಸಿಯ ನಮ್ಮ ಮನೆ ಅಂಗಳದಲ್ಲಿ ಆದ ಯಕ್ಷಗಾನ ಎಂಟು ಮಿನಿ ಡಿವಿ ಟೇಪುಗಳಲ್ಲಿ (ವಿಡಿಯೋ ಕ್ಯಾಮೆರಾದ ಚಿಕ್ಕ ಕ್ಯಾಸೆಟ್ಟು) ಇತ್ತು. ರಾತ್ರಿಯಿಡೀ ಆಟ, ತಾಸಿಗೊಂದು ಟೇಪು. ಈ ಮಳೆಗಾಲದ ತಂಡಿಗೆ ಟೇಪಿನ ಡಬ್ಬಿಗಳಿಗೆ ಬೂಷ್ಟು ಬಂದಿದ್ದು ನೋಡಿ ಹೆದರಿಕೆಯಾಯಿತು. ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ತಮಾ, ಬಟನ್ ಒತ್ತಿದ್ರೆ ಆಟ ಬರವು (ಬರಬೇಕು)." ಅವರ ಡಿವಿಡಿ ಪ್ಲೇಯರ್ ಹಳೆಯದು.

ಮೊದಲು ಪೇಟೆಯ ಒಂದು ಅಂಗಡಿಯಲ್ಲಿ ಒಂದು ಟೇಪು ಕೊಟ್ಟಿದ್ದೆ. ಬಂದ ಡಿಸ್ಕು ಕಂಪ್ಯೂಟರಿನಲ್ಲಿ ಓಡಿತು, ಪ್ಲೇಯರಿನಲ್ಲಿ ಓಡಲಿಲ್ಲ. ಅವರು ಫೈಲನ್ನು ಹಾಗೇ ಡಿಸ್ಕಿಗೆ ಹಾಕಿದ್ದರು. ಅದು ಡೇಟಾ ಡಿಸ್ಕು. ಹಳೆಯ ಪ್ಲೇಯರಿಗೆ ಬೇಕಾದದ್ದು ವಿಡಿಯೋ ಡಿವಿಡಿ. ಹಾಗಾಗಿ ವಿಸಿಡಿ (ವಿಡಿಯೋ ಸಿಡಿ), ಡಿವಿಡಿ-ಆರ್, ಡಿವಿಡಿ+ಆರ್, ಡಿವಿಡಿ-ಆರ್‌ಡಬ್ಲ್ಯೂ ನಾಲ್ಕನ್ನೂ ನಾನೇ ಮಾಡಿ ನೋಡಿದೆ. ಟೇಪಿನಿಂದ ಕಂಪ್ಯೂಟರಿಗೆ ತರುವುದು ಕ್ಯಾಪ್ಚರ್. ಒಂದು ತಾಸಿನ ಟೇಪಿಗೆ ಒಂದು ತಾಸೇ ಬೇಕು, ಸುಮಾರು 13 ಜಿಬಿ ಜಾಗವೂ ಬೇಕು. ಅದನ್ನು ವಿಡಿಯೋ ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ ಕುಗ್ಗಿಸುವುದು ಎನ್‌ಕೋಡಿಂಗ್. ಮೆನು, ಅಧ್ಯಾಯ ಸೇರಿಸಿ ಪ್ಲೇಯರಿಗೆ ತಿಳಿಯುವ ಹಾಗೆ ಜೋಡಿಸುವುದು ಆಥರಿಂಗ್. ಬರ್ನಿಂಗ್, ಅಂದರೆ ಡಿಸ್ಕಿಗೆ ಬರೆಯುವುದು, ಕಟ್ಟಕಡೆಯ ಕೆಲಸ. ನಾವು ಈ ಎಲ್ಲದಕ್ಕೂ ಸೇರಿಸಿ "ಸಿಡಿ ಮಾಡಿಸೋದು" ಅಂತೀವಲ್ವಾ, ಗೊಂದಲ ಅಲ್ಲೇ ಹುಟ್ಟುತ್ತದೆ.

ವಿಸಿಡಿ ಒಂದು ಸಲ ಮಾಡಿ ಬಿಟ್ಟೆ. 352×288 ಚುಕ್ಕೆಗಳ ಚಿತ್ರದಲ್ಲಿ ವೇಷದ ಮುಖವರ್ಣಿಕೆಯೇ ಕಾಣುವುದಿಲ್ಲ.

ನಿಜವಾದ ಪೈಪೋಟಿ ಡಿವಿಡಿ-ಆರ್ ಮತ್ತು ಡಿವಿಡಿ+ಆರ್ ನಡುವೆ. ಎರಡರಲ್ಲೂ 4.7 ಜಿಬಿ ಎಂದು ಬರೆದಿರುತ್ತದೆ, ಕಂಪ್ಯೂಟರ್ ಸುಮಾರು 4.37 ತೋರಿಸುತ್ತದೆ. ಎಣಿಸುವ ರೀತಿ ಬೇರೆ, ಅಷ್ಟೇ. ಡ್ಯಾಶ್ ಡಿಸ್ಕು ದೊಡ್ಡಪ್ಪನ ಪ್ಲೇಯರಿನಲ್ಲಿ ಹಾಕಿದ ಕೂಡಲೇ ಓಡಿತು. ಪ್ಲಸ್ ಡಿಸ್ಕು ಸುತ್ತಿ ಸುತ್ತಿ "ನೋ ಡಿಸ್ಕ್" ಅಂದಿತು. ಆಮೇಲೆ ಬರ್ನ್ ಮಾಡುವಾಗ ಬುಕ್‌ಟೈಪನ್ನು (ಇದು ಯಾವ ಬಗೆಯ ಡಿಸ್ಕು ಎಂದು ಪ್ಲೇಯರಿಗೆ ಹೇಳುವ ಗುರುತು) ಡಿವಿಡಿ-ರೋಮ್ (DVD-ROM) ಎಂದು ಬದಲಿಸಿ ಇನ್ನೊಂದು ಪ್ಲಸ್ ಡಿಸ್ಕು ಮಾಡಿದೆ. ಅದು ಓಡಿತು! ಆದರೆ ಎಲ್ಲ ಡ್ರೈವಿನಲ್ಲೂ ಆ ಸೌಲಭ್ಯ ಇರುವುದಿಲ್ಲ. ನೆಂಟರಿಗೆ ಹಂಚುವುದಾದರೆ ನನ್ನ ಆಯ್ಕೆ ಡ್ಯಾಶ್.

ಡಿವಿಡಿ-ಆರ್‌ಡಬ್ಲ್ಯೂ ಅಳಿಸಿ ಅಳಿಸಿ ಬರೆಯಲಿಕ್ಕೆ, ಸುಮಾರು 1000 ಸಲ. ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರುಗಳು ಅದನ್ನು ಓದಲು ಒದ್ದಾಡುತ್ತವೆ. ದೊಡ್ಡಪ್ಪನದ್ದು ಓದಲೇ ಇಲ್ಲ. ಆದರೂ ನನಗೆ ಅದರ ಉಪಕಾರ ದೊಡ್ಡದು. ಮೆನು ಸರಿ ಬಂತಾ, ಚಂಡೆ ಮತ್ತು ಕುಣಿತ ಒಟ್ಟಿಗೆ ಇದೆಯಾ ಎಂದು ನಮ್ಮ ಮನೆಯ ಪ್ಲೇಯರಿನಲ್ಲಿ ಆರ್‌ಡಬ್ಲ್ಯೂ ಹಾಕಿಯೇ ಪರೀಕ್ಷೆ ಮಾಡಿದೆ. ಸುಮ್ನೆ ಡಿಸ್ಕು ಹಾಳಾಗಲಿಲ್ಲ.

ಒಂದು ಡಿಸ್ಕಿಗೆ ಎಷ್ಟು ತಾಸು? ಇದಕ್ಕೇ ಜಾಸ್ತಿ ದಿನ ಹೋಯಿತು. ಎಂಟು ತಾಸನ್ನು ಎರಡೇ ಡಿಸ್ಕಿಗೆ ತುಂಬಿದೆ. ಭಾಗವತರು ಕೂತು ಹಾಡುವಾಗ ಚೆನ್ನಾಗಿಯೇ ಇತ್ತು. ವೇಷ ಮಂಡಿ ಹಾಕಲು (ಮೊಣಕಾಲೂರಿ ಗಿರಗಿರನೆ ಸುತ್ತಲು) ಶುರುಮಾಡಿದ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆಯಿತು. ವೇಗದ ಚಲನೆಗೆ ಜಾಸ್ತಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಜಾಸ್ತಿ ಮಾಹಿತಿ ಬೇಕು. ಡಿಸ್ಕಿಗೆ ಎರಡು ತಾಸು ಇಟ್ಟರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ. ಮಂಡಿಯೂ ಉಳಿಯಿತು, ಗೆಜ್ಜೆಯೂ ಕಂಡಿತು. ಹಾಗಾಗಿ ನಾಲ್ಕು ಡಿಸ್ಕು. 8.5 ಜಿಬಿಯ ಡಬಲ್ ಲೇಯರ್ (ಎರಡು ಪದರದ) ಡಿಸ್ಕು ತರಲಿಲ್ಲ, ಹಳೆಯ ಪ್ಲೇಯರಿನ ಮೇಲೆ ಧೈರ್ಯ ಬರಲಿಲ್ಲ.

ಬರೆಯುವ ವೇಗವನ್ನು ಎಕ್ಸ್‌ನಲ್ಲಿ ಹೇಳುತ್ತಾರೆ. 16ಎಕ್ಸ್ ಡಿಸ್ಕನ್ನು 16ಎಕ್ಸ್‌ನಲ್ಲೇ ಬರ್ನ್ ಮಾಡಿದಾಗ ಕೊನೆಯ ಭಾಗದಲ್ಲಿ ಚಿತ್ರ ತಡವರಿಸಿತು. 8ಎಕ್ಸ್‌ನಲ್ಲಿ ನನಗೆ ಆ ತೊಂದರೆ ಬರಲಿಲ್ಲ. ಇನ್ನು ಫೈನಲೈಸ್ ಮರೆಯಬೇಡಿ. ಡಿಸ್ಕನ್ನು ಮುಚ್ಚಿ ಮುದ್ರೆ ಹಾಕುವ ಕೆಲಸ ಅದು. ಮಾಡದಿದ್ದರೆ ಬರೆದ ಯಂತ್ರದಲ್ಲಿ ಓಡಿದ ಡಿಸ್ಕು ಬೇರೆ ಪ್ಲೇಯರಿನಲ್ಲಿ ಖಾಲಿ ಡಿಸ್ಕಿನ ಹಾಗೆ ಕೂರಬಹುದು.

ಕ್ಯಾಪ್ಚರ್ ಮಾಡಿದ 100 ಜಿಬಿಗೂ ಮಿಕ್ಕಿದ ಮೂಲ ಫೈಲುಗಳನ್ನು ಅಳಿಸಿಲ್ಲ. ಡಿವಿಡಿಗೆ ಕುಗ್ಗಿಸಿದ ಚಿತ್ರ ಮೊದಲಿನ ಹಾಗೆ ಹಿಗ್ಗುವುದಿಲ್ಲ. ಅವು ಎರಡು ಹಾರ್ಡ್ ಡಿಸ್ಕಿನಲ್ಲಿವೆ, ಒಂದು ಶಿರಸಿಯಲ್ಲಿ, ಇನ್ನೊಂದು ಕಾರವಾರದಲ್ಲಿ ಅಕ್ಕನ ಮನೆಯಲ್ಲಿ. ದೊಡ್ಡಪ್ಪ ಈಗ ಮೂರನೆಯ ಡಿಸ್ಕು ನೋಡುತ್ತಿದ್ದಾರೆ.