ಶಹಾಬಾದ್ ಫರಸಿಯ ಮನೆಗೆ ಯಾವ ಗ್ಲಾಸು?

ಕಲಬುರಗಿಯ ನಮ್ಮ ಅಡುಗೆಮನೆಗೆ ಹಾಸಿರುವುದು ಶಹಾಬಾದ್ ಫರಸಿ, ಅಂದರೆ ಸುಣ್ಣಕಲ್ಲಿನ ಚಪ್ಪಡಿ. ಅದರ ಮೇಲೆ ಬಿದ್ದ ಗಾಜು ಉಳಿಯುವುದು ಅಪರೂಪ. ಅದಕ್ಕೇ ಅವ್ವ ಒಳ್ಳೊಳ್ಳೆ ಗ್ಲಾಸುಗಳನ್ನು ಶೋಕೇಸಿನಲ್ಲಿಟ್ಟು ನಮಗೆಲ್ಲ ಸ್ಟೀಲಿನದರಲ್ಲೇ ಚಹಾ ಕೊಡುತ್ತಿದ್ದಳು. ಚಂದದ ಸಾಮಾನು ದಿನಾ ಕೈಗೆ ಸಿಗಬೇಕು ಅನ್ನುವುದು ನನ್ನ ಬಹುದಿನದ ಆಸೆ. ಹೋದ ಯುಗಾದಿಯಿಂದ ಮೂರು ಬಗೆಯ ಗ್ಲಾಸು ಬಳಸಿ ನೋಡುತ್ತಿದ್ದೇನೆ.

ಮೊದಲನೆಯದು ಫ್ರಾನ್ಸಿನ ಡ್ಯುರಾಲೆಕ್ಸ್ ಕಂಪನಿಯ ಪಿಕಾರ್ಡಿ, 1954ರ ವಿನ್ಯಾಸ. ಬಾಯಿ ಅಗಲ, ತಳ ಸಣ್ಣ, ಸುತ್ತಲೂ ಒಂಬತ್ತು ಪಟ್ಟಿ. ಕೈ ಒದ್ದೆಯಿದ್ದರೂ ಬೆರಳು ಆ ಪಟ್ಟಿಗಳ ಮೇಲೆ ತಾನಾಗೇ ಕೂರುತ್ತದೆ. ಈ ಜಾತಿಯ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಹೊಡೆದು ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಕುಗ್ಗುತ್ತ ಹೊರಮೈಯನ್ನು ಬಿಗಿಯಾಗಿ ಹಿಡಿದೆಳೆಯುತ್ತದೆ. ಆ ಬಿಗಿತ ಸೋತರೇನೇ ಬಿರುಕು. ಒಮ್ಮೆ ಮಗಳ ಕೈಜಾರಿ ಅಡುಗೆಕಟ್ಟೆಯಿಂದ ಬಿತ್ತು. ಠಣ್ಣನೆ ಪುಟಿದು ಗ್ಯಾಸ್ ಸಿಲಿಂಡರಿನ ತನಕ ಉರುಳಿತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಅಂಚಿನ ಸುತ್ತ ಬೆರಳಾಡಿಸಿದೆ, ಒಂದು ಚಕ್ಕೆಯೂ ಎದ್ದಿರಲಿಲ್ಲ. ಒಡೆದರೂ ಇಂಥ ಗಾಜು ಕಲ್ಲುಸಕ್ಕರೆಯ ಹಾಗೆ ಸಣ್ಣ ಹರಳಾಗುತ್ತದೆ. ಭಾಂಡೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಮಾತ್ರ ಇದಕ್ಕೆ ಮುಟ್ಟಿಸಬೇಡಿ. ಗೀರು ಆಳಕ್ಕಿಳಿದರೆ ಅದೇ ಬಿಗಿತ ಗಾಜನ್ನು ಸಿಡಿಸಿಬಿಡುತ್ತದೆ.

ಎರಡನೆಯದು ಬೊರೊಸಿಲಿಕೇಟ್ ಎಂಬ, ಬಿಸಿ ತಡೆಯುವ ಗಾಜಿನ ಎರಡು ಪದರದ ಕಪ್ಪು. ನೋಡಲು ಇದರಷ್ಟು ಚಂದ ಇನ್ನೊಂದಿಲ್ಲ. ಚಹಾ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ, ಒಳಗೆ ಕುದಿಯುತ್ತಿದ್ದರೂ ಹೊರಗೆ ಕೈ ಸುಡುವುದಿಲ್ಲ. ಬಿಸಿಗೆ ಇದು ಹಿಗ್ಗುವುದು ಸಾದಾ ಗಾಜಿನ ಸುಮಾರು ಮೂರನೇ ಒಂದು ಪಾಲು ಮಾತ್ರ, ಹಾಗಾಗಿ ಕುದಿನೀರಿಗೆ ಹೆದರುವುದಿಲ್ಲ. ಪೆಟ್ಟಿಗೆ ಹೆದರುತ್ತದೆ. ಸಿಂಕಿನಲ್ಲಿ ಸೌಟು ತಾಗಿ ನಮ್ಮದರ ಅಂಚು ಹೋಯಿತು. ಚೂರುಗಳು ಉದ್ದ, ಚೂಪು. ಅದರಲ್ಲೊಂದು ಚೂರು ಎರಡು ದಿನ ಬಿಟ್ಟು ಅವ್ವನ ಹಿಮ್ಮಡಿಗೆ ಚುಚ್ಚಿತು. ಸಣ್ಣ ಮಕ್ಕಳು, ವಯಸ್ಸಾದವರು ಇರುವ ಮನೆಗೆ ಇದು ಬೇಡವೆಂದೇ ಹೇಳುತ್ತೇನೆ.

ಮೂರನೆಯದು ಮೈಗೆ ಉಂಗುರದಂಥ ಗೆರೆಗಳಿರುವ, ಅಚ್ಚಿನಲ್ಲಿ ಒತ್ತಿದ ಗ್ಲಾಸು. ಈ ರೂಪಕ್ಕೆ ಹೆಸರು ತಂದದ್ದು ಫಿನ್ಲೆಂಡಿನ ಐನೊ ಆಲ್ಟೊ ಅವರ 1932ರ ವಿನ್ಯಾಸ; ನನ್ನಲ್ಲಿರುವುದು ಇಲ್ಲಿಯ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಅದೇ ಮಾದರಿಯ ಸಾದಾ ಗ್ಲಾಸು. ಮೇ ತಿಂಗಳ ಬಿಸಿಲಲ್ಲಿ ಮಜ್ಜಿಗೆ ಹಾಕಿದರೆ ಉಂಗುರಗಳು ಒಂದೊಂದಾಗಿ ಬೆಳ್ಳಗೆ ತುಂಬುತ್ತ ಏರುತ್ತವೆ. ಅದನ್ನು ನೋಡಲೆಂದೇ ನಾನು ನಿಧಾನ ಸುರಿಯುತ್ತೇನೆ. ನಮ್ಮ ಬೋರಿನ ನೀರು ಗಡಸು, ಗೆರೆಗಳ ಸಂದಿಯಲ್ಲಿ ಬಿಳಿ ಕಲೆ ಕೂರುತ್ತದೆ. ವಾರಕ್ಕೊಮ್ಮೆ ನಿಂಬೆಹೋಳಿನಿಂದ ಉಜ್ಜಿ ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆ. ಬಿಸಿ ಚಹಾ ಇದಕ್ಕೆ ಹಾಕುವುದಿಲ್ಲ.

ಬೀದರಿನ ನೆಂಟರು ಕೊಟ್ಟ ಬಿದರಿ ಬಟ್ಟಲೂ ದಿನಬಳಕೆಗೆ ಬಂದಿದೆ. ಸತು-ತಾಮ್ರದ ಎರಕ, ಬೀದರ ಕೋಟೆಯ ಮಣ್ಣಿನಿಂದ ಬಂದ ಕಪ್ಪು, ಅದರೊಳಗೆ ಬೆಳ್ಳಿಯ ಎಳೆ. ಸತುವಿಗೆ ಹುಳಿ ಆಗದು, ಆದ್ದರಿಂದ ಊಟಕ್ಕಲ್ಲ, ಬಾಗಿಲ ಬಳಿ ಕೀಲಿ ಇಡಲು.

ಆರು ಗ್ಲಾಸು ಕೊಳ್ಳುವುದಾದರೆ ನಾನು ನಾಲ್ಕು ಪಿಕಾರ್ಡಿ, ಎರಡು ಉಂಗುರದವು ತರುತ್ತೇನೆ. ಪಿಕಾರ್ಡಿಯಲ್ಲಿ ಅಳತೆ ಹಲವು: ನಮ್ಮ ಚಹಾಕ್ಕೆ 160 ಮಿಲಿಯದು ಸರಿ, ನೀರಿಗೆ 250.